ಉಳಿದದ್ದು ಐದು ಬೈಗುಳ

ಕೊಕ್ಸಾಂಗ್
೬ ಮಾರ್ಚ್ ೧೯೮೮

ನಾದಿನಿ ಪಿಲ್ಸುನ್‌ಗೆ, ಅತ್ತಿಗೆ ಮಲ್ಜಾ ಬರೆಯುವುದು.

ಫೋನು ಬಿಟ್ಟು ಕಾಗದ ಬರೆದಳಲ್ಲ ಎಂದು ಎದೆ ಒಡೆದುಕೊಳ್ಳಬೇಡ. ಯಾರೂ ಸತ್ತಿಲ್ಲ. ಫೋನು ಮಾವನ ತಲೆದಿಂಬಿನ ಪಕ್ಕದಲ್ಲಿದೆ, ಅದರ ಪಕ್ಕದಲ್ಲಿ ನಿಮ್ಮಣ್ಣ ಕೂತಿರುತ್ತಾರೆ. ನಿನ್ನ ಹೆಸರೆತ್ತಿದರೆ ಸಾಕು, ಇಬ್ಬರ ಮುಖವೂ ಒಟ್ಟಿಗೇ ಗಂಟಾಗುತ್ತದೆ. ಅದಕ್ಕೇ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಹೊಸ ವರ್ಷದ ಹಬ್ಬ ಮುಗಿದ ಮಾರನೆಯ ದಿನ ಮಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಈಗ ಗೋಡೆಗೆ ಒರಗಿ ಕೂರುವಷ್ಟಾಗಿದ್ದಾರೆ. ತಮ್ಮ ಹಿತ್ತಾಳೆ ಚಮಚ ಹಿಡಿದು ಎಡಗೈಯಲ್ಲೇ ಉಣ್ಣುತ್ತಾರೆ. ತಿನ್ನಿಸಲು ಹೋದವರ ಕೈ ತಳ್ಳಿಬಿಡುತ್ತಾರೆ, ಆ ಚಮಚ ಮುಟ್ಟುವ ಹಾಗಿಲ್ಲ. ಅದು ನಿನಗೆ ಗೊತ್ತಿದ್ದದ್ದೇ. ಆದರೆ ಮಾತು ಹೋಗಿದೆ. ಹೋಗಿದೆ ಎಂದರೆ ಪೂರ್ತಿ ಹೋಗಿಲ್ಲ. ಅಯ್ಯೋ, ಇದನ್ನು ಹೇಗೆ ಬರೆಯಲಿ? ಬೈಗುಳ ಮಾತ್ರ ಉಳಿದಿವೆ.

ನಗಬೇಡ, ನಿಜ ಹೇಳುತ್ತಿದ್ದೇನೆ. ಮಾತು ಇರುವ ಜಾಗವೇ ಬೇರೆಯಂತೆ, ಬೈಗುಳ ಇರುವ ಜಾಗವೇ ಬೇರೆಯಂತೆ, ಹಾಗೆಂದು ಕ್ವಾಂಗ್ಜುವಿನ ಡಾಕ್ಟರು ಹೇಳಿದರು. ಇವರಿಗೆ ಮೊದಲನೆಯ ಜಾಗ ಹಾಳಾಗಿದೆ. ನೀರು ಎನ್ನಲು ಬರುವುದಿಲ್ಲ, ನೋವು ಎನ್ನಲು ಬರುವುದಿಲ್ಲ. "ಹುಲಿ ಹೊತ್ಕೊಂಡು ಹೋಗ!" ಎನ್ನಲು ಮಾತ್ರ ಗಂಟಲು ಗಂಟೆ ಬಾರಿಸಿದ ಹಾಗೆ ಇದೆ. ಅದು ಒಂದು. "ಕೊಳೆತದ್ದೇ!" ಎನ್ನುವುದು ಇನ್ನೊಂದು. "ಮಾನಗೆಟ್ಟದ್ದೇ!", "ಬಾಯ್ಮುಚ್ಚು!", ಆಮೇಲೆ "ಎಷ್ಟಾಯ್ತೇ ನಿಂಗೆ ವಯಸ್ಸು!" ಇಷ್ಟೇ ಪಿಲ್ಸುನ್. ಐದೇ ಐದು. ಡಾಕ್ಟರಿಗೂ ಅದೇ, ಕೋಳಿಗೂ ಅದೇ. ತಲೆ ನರೆತ ಡಾಕ್ಟರು "ಐವತ್ತೆರಡು ಸಾರ್" ಎಂದು ಪಾಪ ಉತ್ತರ ಬೇರೆ ಕೊಟ್ಟರು.

ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಬೈಸಿಕೊಂಡು ಬಂದವಳು ನಾನು, ನನಗೆ ಅವರ ಬೈಗುಳದ ರುಚಿ ಗೊತ್ತು ಎಂದುಕೊಂಡಿದ್ದೆ. ಈಗ ಏನೂ ತಿಳಿಯುವುದಿಲ್ಲ. "ಕೊಳೆತದ್ದೇ" ಎಂದರು, ಸಾರು ಹಳಸಿತೇನೋ ಎಂದು ಬದಲಾಯಿಸಿದೆ. ಅವರಿಗೆ ಕಿಟಕಿ ಹಾಕಬೇಕಿತ್ತು. ಕಿಟಕಿ ಹಾಕಿದೆ. ಆಗಲೂ "ಕೊಳೆತದ್ದೇ" ಎಂದರು.

ಈ ಕಾಗದ ಬರೆದ ಕಾರಣಕ್ಕೆ ಬರುತ್ತೇನೆ. ಮೊನ್ನೆ ಗೋಡೆಯ ಮೇಲಿನ ಮನೆಮಂದಿಯ ಫೋಟೋ ಇಳಿಸಿ ಒರೆಸುತ್ತಿದ್ದೆ. ಸುಮ್ಮನೆ ಅವರ ಮುಂದೆ ಹಿಡಿದು ಒಬ್ಬೊಬ್ಬರ ಮುಖ ತೋರಿಸಿದೆ. ತೀರಿಕೊಂಡ ಅತ್ತೆಯ ಮುಖಕ್ಕೆ ಏನೂ ಅನ್ನಲಿಲ್ಲ. ನಿಮ್ಮಣ್ಣನ ಮುಖಕ್ಕೂ ಇಲ್ಲ. ನಿನ್ನ ಮೇಲೆ ಬೆರಳಿಟ್ಟೆ ನೋಡು, "ಹುಲಿ ಹೊತ್ಕೊಂಡು ಹೋಗ!" ಎಂದು ಶುರು ಮಾಡಿದವರು ಉಸಿರು ಕಟ್ಟುವ ತನಕ ನಿಲ್ಲಿಸಲಿಲ್ಲ. ಇದು ಬಾ ಎಂದೋ, ಬೇಡ ಎಂದೋ?

ಹನ್ನೊಂದು ವರ್ಷದ ಹಿಂದೆ ನೀನು ಸಂಗೂನ್‌ನನ್ನು ಮದುವೆಯಾದಾಗ ಅವರು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ತಾಕ್ ಕುಲದಲ್ಲಿ ಹುಟ್ಟಿ ತಾಕ್ ಕುಲದವನನ್ನೇ ಕಟ್ಕೊಂಡೆಯಲ್ಲೇ! ನಾನಾಗಿ ಕರೆಯೋ ತನಕ ಈ ಹೊಸಿಲು ತುಳೀಬೇಡ." ಈಗ ಕರೆಯಬೇಕೆಂದು ಅವರಿಗೆ ಆಸೆಯಾದರೂ "ಬಾ" ಎಂಬ ಮಾತೇ ಅವರ ಹತ್ತಿರ ಇಲ್ಲವಲ್ಲೇ.

ನನಗಂತೂ ತಲೆ ಕೆಟ್ಟಿದೆ. ನೀನೇ ಏನಾದರೂ ಹೇಳು.

ಒಳಗಿಂದ ಹುಲಿಯನ್ನು ಕೂಗುತ್ತಿದ್ದಾರೆ, ಹೋಗುತ್ತೇನೆ.
ನಿನ್ನ ಅತ್ತಿಗೆ,
ಮಲ್ಜಾ

⁂

ಇಂಚನ್
೨೭ ಮಾರ್ಚ್ ೧೯೮೮

ಅತ್ತಿಗೆಗೆ ನಮಸ್ಕಾರಗಳು.

ಕಾಗದ ಮೂರು ಸಲ ಓದಿದೆ. ಮೊದಲ ಸಲ ಅತ್ತುಬಿಟ್ಟೆ, ಎರಡನೆಯ ಸಲ ನಕ್ಕೆ, ಮೂರನೆಯ ಸಲ ಏನೂ ಆಗಲಿಲ್ಲ.

ಬಾ ಎಂದೋ ಬೇಡ ಎಂದೋ ಎಂದು ನನ್ನನ್ನು ಕೇಳಿದಿರಿ. ಅಪ್ಪ ಮಾತು ಇದ್ದಾಗಲೂ ನನಗೆ ಅರ್ಥವಾದವರಲ್ಲ. ಆದರೆ ಕೊಟ್ಟ ಮಾತಿಗೆ ತಪ್ಪಿದವರೂ ಅಲ್ಲ. ಕರೆಯುವ ತನಕ ಬರಬೇಡ ಎಂದರು, ನಾನು ಬರಲಿಲ್ಲ. ಅಮ್ಮನ ಹೆಣ ನೋಡಲೂ ಬರಲಿಲ್ಲ, ಅದು ನಿಮಗೆ ಗೊತ್ತು. ಇಷ್ಟು ವರ್ಷ ತಡೆದುಕೊಂಡು ಈಗ ಅವರಿಗೆ ಬಾಯಿ ಬರದ ಸಮಯ ನೋಡಿ ಕಳ್ಳಿಯ ಹಾಗೆ ಒಳಗೆ ನುಗ್ಗಿದರೆ, ಅಣ್ಣ ಹೇಳುವುದು ಬಿಡಿ, ನನಗೇ ನಾನು ಏನು ಹೇಳಿಕೊಳ್ಳಲಿ?

ಸರ್ಕಾರ ಈ ಒಂದು ವರ್ಷದ ಮಟ್ಟಿಗೆ ನಮ್ಮಂಥ ಒಂದೇ ಕುಲದವರ ಮದುವೆಯನ್ನೂ ದಾಖಲೆಯಲ್ಲಿ ಬರೆಸಿಕೊಳ್ಳಲು ಬಿಟ್ಟಿದೆ. ಹೋದ ತಿಂಗಳು ಹೋಗಿ ಬರೆಸಿ ಬಂದೆವು. ಗುಮಾಸ್ತ "ಶುಭವಾಗಲಿ" ಎಂದ. ಸಂಗೂನ್ ಹೊರಗೆ ಬಂದವನೇ ರಸ್ತೆಯಲ್ಲಿ ಕುಣಿದ. ನನಗೆ ಮಾತ್ರ ಅಪ್ಪ ನಮ್ಮನ್ನು ಯಾವಾಗ ಬರೆದುಕೊಳ್ಳುತ್ತಾರೆ ಎಂದೇ ಯೋಚನೆ.

ಅವರನ್ನೇ ಕೇಳಿ ಅತ್ತಿಗೆ. "ಪಿಲ್ಸುನ್ ಬರಲೇ?" ಎಂದು ನೇರವಾಗಿ ಕೇಳಿ. ತಲೆಯಾದರೂ ಆಡಿಸುತ್ತಾರಲ್ಲ.

ಕಾಯುತ್ತಿರುವ,
ಪಿಲ್ಸುನ್

⁂

ಕೊಕ್ಸಾಂಗ್
೨೦ ಏಪ್ರಿಲ್ ೧೯೮೮

ಪಿಲ್ಸುನ್,

ಕೇಳಿದೆ. ನಿಮ್ಮಣ್ಣ ಗದ್ದೆಗೆ ಹೋದದ್ದು ನೋಡಿಕೊಂಡು, ಮುಂದೆ ಮಂಡಿಯೂರಿ ಕೂತು, ಕಿವಿಯ ಹತ್ತಿರ ಬಾಯಿಟ್ಟು "ಮಾವಾ, ಪಿಲ್ಸುನ್ ಬರ್ಲಾ?" ಎಂದೆ.

"ಬಾಯ್ಮುಚ್ಚು!"

"ಹಾಗಾದ್ರೆ ಬೇಡ್ವಾ?"

"ಬಾಯ್ಮುಚ್ಚು!"

"ಬೇಕೋ ಬೇಡ್ವೋ, ತಲೆನಾದ್ರೂ ಆಡ್ಸಿ."

ಆಡಿಸಿದರು. ಮೊದಲು ಮೇಲೆ ಕೆಳಗೆ, ಆಮೇಲೆ ಅತ್ತ ಇತ್ತ. ಡಾಕ್ಟರು ಹೇಳಿದ್ದರು, ಹೌದು-ಅಲ್ಲಗಳೂ ಅದಲುಬದಲಾಗಿರುತ್ತವೆ, ನಂಬಬೇಡಿ ಎಂದು. ಉಪ್ಪು ಬೇಕಾ ಎಂದಾಗಲೂ ಹೀಗೇ ಎರಡೂ ಕಡೆ ಆಡಿಸುತ್ತಾರೆ. ಕೊನೆಗೆ ನನ್ನ ಮುಖವನ್ನೇ ನೋಡುತ್ತಾ "ಮಾನಗೆಟ್ಟದ್ದೇ" ಎಂದರು, ಮೆಲ್ಲಗೆ. ಅದು ನನಗೋ ನಿನಗೋ ಗೊತ್ತಿಲ್ಲ.

ನಿಮ್ಮಣ್ಣನನ್ನೂ ಕೇಳಿದೆ. "ಅಪ್ಪ ಕರೆದ್ರೆ ನಂದೇನೂ ಅಡ್ಡಿ ಇಲ್ಲ" ಎಂದರು. ಹೇಗೆ ಕರೆಯಬೇಕು ಎಂದದ್ದಕ್ಕೆ "ಅದು ನಂಗೇನು ಗೊತ್ತು" ಎಂದು ಮಗ್ಗುಲಾದರು. ಈ ಮನೆಯ ಗಂಡಸರ ಹಣೆಬರಹವೇ ಇಷ್ಟು.

ನನ್ನ ಬುದ್ಧಿಗೆ ಹೊಳೆದದ್ದು ಒಂದೇ. ಬಂದು ಬೈಸಿಕೋ. ಹಾಲಿನವನನ್ನು ಬೈಯುತ್ತಾರೆ, ಟಿವಿಯಲ್ಲಿ ಕುಸ್ತಿಯವರನ್ನು ಬೈಯುತ್ತಾರೆ. ಮಗಳನ್ನು ಬೈಯದೆ ಇರುತ್ತಾರೆಯೇ? ಎದುರಿಗೆ ಕೂತು ಕೇಳಿದರೆ ಅದು ಎಂಥ ಬೈಗುಳ ಎಂದು ನಿನಗೇ ತಿಳಿಯುತ್ತದೆ. ಓಡಿಸುವ ಬೈಗುಳಕ್ಕೂ ಒಳಗೆ ಕರೆದುಕೊಳ್ಳುವ ಬೈಗುಳಕ್ಕೂ ವ್ಯತ್ಯಾಸ ಮಗಳಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಜೂನ್ ಮೊದಲ ಭಾನುವಾರ ಬಾ. ನಿಮ್ಮಣ್ಣನನ್ನು ನಾನು ನೋಡಿಕೊಳ್ಳುತ್ತೇನೆ.

ಸೋಯಾ ಸಾಸಿನ ಜಾಡಿಗಳಿಗೆ ಬಿಸಿಲು ತೋರಿಸಬೇಕು, ಇಷ್ಟು ಸಾಕು.
ಮಲ್ಜಾ

⁂

ಇಂಚನ್
೧೨ ಜೂನ್ ೧೯೮೮

ಅತ್ತಿಗೆಗೆ,

ಕ್ಷೇಮವಾಗಿ ಬಂದು ಸೇರಿದೆ. ಕಟ್ಟಿಕೊಟ್ಟ ಮೂಲಂಗಿ ಕಿಮ್ಚಿ ರೈಲಿನಲ್ಲಿ ಸೋರಲಿಲ್ಲ.

ನಿಮಗೆ ಶ್ರಮ ಕೊಟ್ಟೆ. ಮೀನು, ಜರೀಗಿಡದ ಪಲ್ಯ, ಕಡಲಪಾಚಿ ಸಾರು, ಮೇಲೆ ಮೇಲೆ ಬಡಿಸಿದಿರಿ. ನಾನು ತಲೆ ಬಗ್ಗಿಸಿಕೊಂಡು ಉಂಡೆ. ಮಾತಾಡುವುದಕ್ಕಿಂತ ಉಣ್ಣುವುದೇ ಸುಲಭವಾಗಿತ್ತು. ಅಪ್ಪ ಎದುರಿಗೇ ಕೂತಿದ್ದರು. ನಾನು ಬೈಗುಳಕ್ಕೆ ಕಾದೆ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಬೆನ್ನು ಬಿಗಿ ಮಾಡಿಕೊಂಡು ಕಾದೆ. ಸಾರು ಮುಗಿಯಿತು, ಮತ್ತೆ ಬಡಿಸಿದಿರಿ. ಹಣ್ಣು ಬಂತು, ಕಡುಬು ಬಂತು. ಅಪ್ಪ ನನ್ನ ಕೈಯನ್ನೇ ನೋಡುತ್ತಾ ಕೂತಿದ್ದರು, ಅಷ್ಟೇ. ಬಸ್ಸಿನ ಹೊತ್ತಾಯಿತು.

ಅಣ್ಣ ಗೇಟಿನ ಹತ್ತಿರ ಅಂದದ್ದು ನಿಮಗೆ ಕೇಳಿಸಿತೋ ಇಲ್ಲವೋ. "ನೋಡಿದ್ಯಾ? ನಾಯೀನ ಬೈತಾರೆ, ಕರೆಂಟ್ ಬಿಲ್ಲಿನವನ್ನ ಬೈತಾರೆ. ನಿಂಗೆ ಒಂದು ಬೈಗುಳಾನೂ ಇಲ್ಲ."

ಸಿಟ್ಟಿನಿಂದ ಹೇಳಲಿಲ್ಲ ಅತ್ತಿಗೆ. ಮರುಕದಿಂದಲೇ ಹೇಳಿದ. ಅದೇ ಸಹಿಸಲಾಗುತ್ತಿಲ್ಲ. ಬೈದು ಓಡಿಸಿದ್ದರೆ ಓಡಿಸಿದರು ಎಂದು ಅಳಬಹುದಿತ್ತು. ಅವರಲ್ಲಿ ಉಳಿದಿರುವುದೇ ಐದು, ಅದರಲ್ಲಿ ಒಂದನ್ನೂ ನನಗಾಗಿ ಖರ್ಚು ಮಾಡಲಿಲ್ಲ. ಇನ್ನು ನಾನು ಅಲ್ಲಿಗೆ ಬರುವುದಿಲ್ಲ. ದಯವಿಟ್ಟು ಕರೆಯಬೇಡಿ.

ಪಿಲ್ಸುನ್

⁂

ಕೊಕ್ಸಾಂಗ್
೧೦ ಜುಲೈ ೧೯೮೮

ಪಿಲ್ಸುನ್,

ಎರಡು ಕಾಗದ ಬರೆದು ಒಲೆಗೆ ಹಾಕಿದೆ. ಏನು ಬರೆಯಲಿ? ನನಗೂ ಅರ್ಥವಾಗಿಲ್ಲ. ನೀನು ಬಸ್ಸು ಹತ್ತಿದ ಮೇಲೆ ಸಂಜೆಯ ತನಕ ಒಂದೇ ಸಮನೆ ಕೂಗಾಡಿದರು. ಕಕ್ಕಸಿಗೇನೋ ಎಂದು ಎತ್ತಿಕೊಂಡು ಹೋದೆವು, ಅಲ್ಲ. ಹಸಿವೇನೋ ಎಂದು ತಟ್ಟೆ ಇಟ್ಟೆವು, ತಟ್ಟೆ ತಳ್ಳಿದರು. ಐದನ್ನೂ ತಿರುಗಿಸಿ ತಿರುಗಿಸಿ ಬಾಗಿಲಿಗೆ ಬೈದರು.

ಹೀಗೆ ಬರೆದರೆ ನಿನ್ನನ್ನು ಸಮಾಧಾನ ಮಾಡಲು ಕಟ್ಟಿದ ಕಥೆ ಎನ್ನುತ್ತೀಯ. ಅದಕ್ಕೇ ಸುಟ್ಟದ್ದು. ಈ ಸಲ ಕಳಿಸುತ್ತಿದ್ದೇನೆ. ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಮಲ್ಜಾ

⁂

ಕೊಕ್ಸಾಂಗ್
೪ ಸೆಪ್ಟೆಂಬರ್ ೧೯೮೮

ಏ ಪಿಲ್ಸುನ್!

ಕೂತ್ಕೊಂಡು ಓದು. ಕೈಯಲ್ಲಿ ಏನಾದರೂ ತಿನ್ನುವುದಿದ್ದರೆ ಕೆಳಗಿಡು.

ಗುರುವಾರ ಕ್ಷೌರದವನು ಮನೆಗೆ ಬಂದಿದ್ದ. ಮಾವನ ತಲೆಗೆ ಕತ್ತರಿ ಇಟ್ಟಿದ್ದೇ ತಡ, "ಕೊಳೆತದ್ದೇ! ಎಷ್ಟಾಯ್ತೇ ನಿಂಗೆ ವಯಸ್ಸು!" ಶುರುವಾಯಿತು. ಪಾಪ, ಅವನ ಕೈ ತಪ್ಪಿ ಒಂದು ಕಿವಿಯ ಮೇಲೆ ಹೆಚ್ಚು, ಒಂದರ ಮೇಲೆ ಕಡಿಮೆ ಕತ್ತರಿಸಿಬಿಟ್ಟ. "ಸ್ವಲ್ಪ ಸುಧಾರಿಸ್ಕೊಳ್ಳಪ್ಪಾ" ಎಂದು ಬೇಯಿಸಿದ ಆಲೂಗಡ್ಡೆ ಕೊಟ್ಟೆ. ಅವನು ಬಾಯಿಗಿಟ್ಟ. ಮಾವ "ಹುಲಿ ಹೊತ್ಕೊಂ..." ಎಂದವರು ಅಲ್ಲಿಗೇ ನಿಲ್ಲಿಸಿದರು. ನೀರು ಕಟ್ಟಿದ ನಲ್ಲಿಯ ಹಾಗೆ ನಿಂತಿತು. ಅವನು ಎರಡು ಆಲೂಗಡ್ಡೆ ನಿಧಾನಕ್ಕೆ ತಿಂದ. ಮಾವ ಅವನ ಬಾಯಿಯನ್ನೇ ನೋಡುತ್ತಾ ಕಾದರು. ಕೊನೆಯ ತುತ್ತು ನುಂಗಿ ಬಾಯಿ ಒರೆಸಿಕೊಂಡ ನೋಡು, "...ಡು ಹೋಗ!"

ನನ್ನ ಕೈಲಿದ್ದ ಬುಟ್ಟಿ ಬಿತ್ತು.

ಉಣ್ಣುತ್ತಿರುವವರನ್ನು ಬೈಯಬಾರದು! ಎಲ್ಲರ ಮನೆಯಲ್ಲೂ ಹೇಳುತ್ತಾರೆ, ಈ ಮನೆಯಲ್ಲಿ ಅದನ್ನು ಶಾಸನದ ಹಾಗೆ ನಡೆಸಿದವರು ಮಾವ. ಎಂಥ ಸಿಟ್ಟಿದ್ದರೂ ಎದುರಿಗಿದ್ದವರ ಕೈಯಲ್ಲಿ ಚಮಚ ಇದ್ದರೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದರು. ನಮಗೆ ಮರೆತೇ ಹೋಗಿತ್ತು. ತಲೆಯೇ ಕೆಟ್ಟ ಮೇಲೆ ನೇಮ ಎಲ್ಲಿಂದ ಬಂತು ಎಂದುಕೊಂಡೆವು. ನೀರು ಎನ್ನುವುದು ಮರೆತಿದ್ದಾರೆ, ತಮ್ಮ ಹೆಸರು ಮರೆತಿದ್ದಾರೆ, ಇದು ಮಾತ್ರ ಮರೆತಿಲ್ಲ!

ಆದರೂ ನನಗೆ ನಂಬಿಕೆ ಬರಲಿಲ್ಲ. ಪರೀಕ್ಷೆ ಮಾಡಿದೆ. ಅವರ ಎದುರಿಗೆ ಅನ್ನದ ಬಟ್ಟಲು ಹಿಡಿದು ಕೂತು, ಬೇಕೆಂದೇ ಅವರಿಗಿಷ್ಟವಾದ ಜಾಡಿಯ ಮುಚ್ಚಳ ಒಡೆದೆ. ಮುಖ ಕೆಂಪಗಾಯಿತು, ಗಂಟಲ ನರ ಉಬ್ಬಿತು, ತುಟಿ ಅದುರಿತು. ಮಾತಿಲ್ಲ! ನಾನು ನಿಧಾನವಾಗಿ ಅಗಿದೆ. ಚಮಚ ಕೆಳಗಿಟ್ಟೆ. ಅಬ್ಬಾ, ಐದನ್ನೂ ಒಂದೇ ಉಸಿರಿಗೆ ನನ್ನ ಮೇಲೆ ಸುರಿದರು. ಜೀವಮಾನದಲ್ಲಿ ಮೊದಲ ಸಲ ಬೈಸಿಕೊಂಡು ಖುಷಿಯಾಯಿತು.

ಈಗ ಜೂನ್ ತಿಂಗಳು ನೆನೆಸಿಕೋ. ನೀನು ಒಳಗೆ ಬಂದು ಕೂರುವ ಮೊದಲೇ ನಿನ್ನ ಕೈಗೆ ಚಮಚ ಕೊಟ್ಟವಳು ಯಾರು? ಬಸ್ಸಿನ ಹೊತ್ತಿನ ತನಕ ಕೆಳಗಿಡಲು ಬಿಡದವಳು ಯಾರು? ನನ್ನ ಕೈ ಮುರಿಯ! ಅವರು ನಿನ್ನ ಕೈ ನೋಡುತ್ತಿದ್ದದ್ದು ಅದಕ್ಕೇ ಕಣೇ. ಯಾವಾಗ ಮುಗಿಸುತ್ತಾಳೆ ಎಂದು ಕಾಯುತ್ತಿದ್ದರು.

ಅಕ್ಟೋಬರ್ ಹದಿನಾರಕ್ಕೆ ಮಾವನ ಎಪ್ಪತ್ತರ ಹುಟ್ಟುಹಬ್ಬ. ಕುಲದವರೆಲ್ಲ ಬರುತ್ತಾರೆ. ಮಕ್ಕಳು ಸಾಲಾಗಿ ನಿಂತು ಅಡ್ಡಬಿದ್ದು ಅವರಿಗೆ ಹೆಂಡದ ಬಟ್ಟಲು ಕೊಡುವಾಗ ಆ ಸಾಲಿನಲ್ಲಿ ನೀನಿರಬೇಕು. ನಿಮ್ಮಣ್ಣನ ಮಾತು ಅದೇ, "ಊಟಕ್ಕೆ ಬಂದ್ರೆ ಬೇಡ ಅನ್ನಲ್ಲ. ಸಾಲಲ್ಲಿ ನಿಲ್ಲೋಕೆ ಅಪ್ಪನ ಬಾಯಿಂದ ಬರಬೇಕು."

ಬಾ. ಒಂದು ಅಗುಳೂ ಮುಟ್ಟಬೇಡ.

ಮುಚ್ಚಳ ಒಡೆದ ಅತ್ತಿಗೆ,
ಮಲ್ಜಾ

⁂

ಇಂಚನ್
೧೮ ಸೆಪ್ಟೆಂಬರ್ ೧೯೮೮

ಅತ್ತಿಗೆ,

ನಿಜವಿರಬಹುದು. ಚಿಕ್ಕವಳಿದ್ದಾಗ ತಪ್ಪು ಮಾಡಿದ ದಿನ ನಾನು ಅನ್ನ ಮುಗಿದ ಮೇಲೂ ಚಮಚ ನೆಕ್ಕುತ್ತಾ ಕೂರುತ್ತಿದ್ದೆ. ಅಪ್ಪ ಕಾಯುತ್ತಿದ್ದರು. ಕಾದು ಕಾದು ಒಮ್ಮೊಮ್ಮೆ ಅವರಿಗೇ ತೂಕಡಿಕೆ ಬರುತ್ತಿತ್ತು. ಇದು ನನಗೆ ಹೇಗೆ ನೆನಪಾಗಲಿಲ್ಲ?

ಆದರೂ ಭಯ. ನಾನು ಖಾಲಿ ಕೈಯಲ್ಲಿ ಕೂತಾಗಲೂ ಅವರು ಸುಮ್ಮನಿದ್ದರೆ? ಆಗ ಹೇಳಿಕೊಳ್ಳಲು ನೆಪವೂ ಇರುವುದಿಲ್ಲ. ಬೈದರೂ ಅದು ಹೊರಗೆ ಹೋಗು ಎನ್ನುವ ಬೈಗುಳವಾದರೆ, ಇಡೀ ಕುಲದ ಮುಂದೆ? ಬರುತ್ತೇನೋ ಇಲ್ಲವೋ ಈಗಲೇ ಹೇಳಲಾರೆ. ಸಂಗೂನ್ "ಹೋಗು" ಎನ್ನುತ್ತಾನೆ, ಆಮೇಲೆ "ಬೇಡ" ಎನ್ನುತ್ತಾನೆ. ಅವನೂ ಅಪ್ಪನ ಹಾಗೆ ತಲೆಯನ್ನು ಎರಡೂ ಕಡೆ ಆಡಿಸುತ್ತಿದ್ದಾನೆ.

ಪಿಲ್ಸುನ್

⁂

ಇಂಚನ್
೨೩ ಅಕ್ಟೋಬರ್ ೧೯೮೮

ಪ್ರೀತಿಯ ಅತ್ತಿಗೆ,

ಅಷ್ಟು ದೊಡ್ಡ ಹಬ್ಬ ಮಾಡಿ ನೀವು ನೋಡಿದ್ದು ಅಡುಗೆಮನೆಯ ಗೋಡೆ ಮಾತ್ರ. ಗಲಾಟೆ ಕೇಳಿಸಿತು, ಏನಾಯಿತು ತಿಳಿಯಲಿಲ್ಲ ಎಂದು ಬಸ್ಸಿನ ಹತ್ತಿರ ಕೇಳಿದಿರಿ. ಅಷ್ಟರಲ್ಲಿ ಬಸ್ಸು ಹೊರಟಿತು. ಈಗ ಹೇಳುತ್ತೇನೆ.

ನಾನು ಬಂದಾಗ ಎಲ್ಲರೂ ಉಣ್ಣುತ್ತಿದ್ದರು. ಪಡಸಾಲೆಯ ಕೊನೆಯಲ್ಲಿ ಕೂತೆ. ಸೋದರತ್ತೆ ಬಂದರು, ನಿಮಗೆ ಗೊತ್ತಲ್ಲ ಅವರ ಕೈ. "ಬಾರೇ, ಬಡಕಲಾಗಿದೀಯ, ಒಂದು ಕಡುಬು ತಿನ್ನು" ಎಂದು ತುಟಿಗೇ ತಂದರು. ಹಲ್ಲು ಕಚ್ಚಿ ಹಿಡಿದೆ. "ಅಬ್ಬಬ್ಬಾ, ಇಂಚನ್ನಿನವಳಿಗೆ ನಮ್ಮೂರ ಕಡುಬು ಸೇರಲ್ವೇನೋ!" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದರು. ಯಾರೋ ಅಕ್ಕಿಯ ಹೆಂಡ ಕೊಟ್ಟರು, ಬೇಡ ಎಂದೆ. ಯಾರೋ ನೀರು ಕೊಟ್ಟರು, ಅದನ್ನೂ ಮುಟ್ಟಲಿಲ್ಲ. ನೀರಿಗೆ ನೇಮ ಇದೆಯೋ ಇಲ್ಲವೋ ಗೊತ್ತಿರಲಿಲ್ಲ. ಎಲ್ಲರ ಮುಖವೂ ಬಿಗಿಯಿತು. ಅಣ್ಣ ದೂರದಿಂದಲೇ ಕಣ್ಣು ಕೆಕ್ಕರಿಸಿದ.

ಅಪ್ಪನನ್ನು ರೇಷ್ಮೆ ದಿಂಬಿಗೆ ಒರಗಿಸಿ ಕೂರಿಸಿದ್ದಿರಿ. ಎದ್ದು ಹೋಗಿ ಅವರ ಮುಂದೆ ಮಂಡಿಯೂರಿದೆ. ಎರಡು ಕೈಯನ್ನೂ ತೊಡೆಯ ಮೇಲೆ ಅಂಗೈ ಮೇಲೆ ಮಾಡಿ ಇಟ್ಟೆ. ನೋಡಿ ಅಪ್ಪಾ, ಏನೂ ಇಲ್ಲ ಎನ್ನುವ ಹಾಗೆ.

ಅವರು ನನ್ನ ಕೈ ನೋಡಿದರು. ಬಾಯಿ ನೋಡಿದರು. ನಾನು ಅಗಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಅತ್ತಿಗೇ!

"ಹುಲಿ ಹೊತ್ಕೊಂಡು ಹೋಗ!" ಇಡೀ ಪಡಸಾಲೆ ನಡುಗಿತು. "ಕೊಳೆತದ್ದೇ! ಮಾನಗೆಟ್ಟದ್ದೇ! ಕೊಳೆತದ್ದೇ!" ಎಡಗೈಯಿಂದ ನೆಲ ಬಡಿದರು. ಹನ್ನೊಂದು ವರ್ಷದ್ದನ್ನೆಲ್ಲ ಬೈದರು. ಅಮ್ಮನ ಹೆಣಕ್ಕೆ ಬರಲಿಲ್ಲ ಎಂದು ಬೈದರು, ಬರಬೇಡ ಎಂದರೆ ಬರದೇ ಇರುತ್ತೀಯಾ ಎಂದು ಬೈದರು. ಇವು ಅವರ ಬಾಯಿಂದ ಬಂದ ಮಾತುಗಳಲ್ಲ, ನನಗೆ ಕೇಳಿಸಿದ್ದು. ತಪ್ಪಾಗಿಯೂ ಕೇಳಿಸಿರಬಹುದು. ಅದು ಎಂಥ ಬೈಗುಳ ಎಂದು ಮಗಳಿಗೆ ತಿಳಿಯುತ್ತದೆ ಎಂದಿದ್ದಿರಲ್ಲ, ನನಗೆ ಆಗಲೂ ತಿಳಿಯಲಿಲ್ಲ. ಅಳುತ್ತಿದ್ದೆ, ಅಷ್ಟು ಗೊತ್ತು.

ಒಬ್ಬರು ಅಪ್ಪನನ್ನು ಸಮಾಧಾನ ಮಾಡಲು ಎದ್ದರು. ಆಗ ಕುಲದ ದೊಡ್ಡಪ್ಪ ಕೋಲು ಅಡ್ಡ ಹಿಡಿದು "ಕೂತ್ಕೊಳ್ರಯ್ಯ. ಅವನು ಮಗಳನ್ನ ಬೈತಾ ಇದಾನೆ, ಮಧ್ಯೆ ನಿಮಗೇನು ಕೆಲಸ?" ಎಂದರು. ಮಗಳು ಎಂದರು ಅತ್ತಿಗೆ, ಎಲ್ಲರ ಎದುರಿಗೆ.

ಅಪ್ಪ ಏದುಸಿರು ಬಿಡುತ್ತಾ ಕೊನೆಗೆ "ಎಷ್ಟಾಯ್ತೇ ನಿಂಗೆ ವಯಸ್ಸು!" ಎಂದರು. ಅದಕ್ಕೆ ಯಾರೂ ಉತ್ತರ ಕೊಡಬಾರದು, ತಲೆ ತಗ್ಗಿಸಬೇಕು. ನನ್ನ ಬಾಯಿಂದ ಹೇಗೋ ಬಂದುಬಿಟ್ಟಿತು. "ಮೂವತ್ತೊಂಬತ್ತಾಯ್ತು ಅಪ್ಪಾ. ಹೋದಾಗ ಇಪ್ಪತ್ತೆಂಟಿತ್ತು."

ಅವರು ನೆಲ ಬಡಿಯುವುದನ್ನು ನಿಲ್ಲಿಸಿದರು. ನನ್ನ ತಲೆಯ ನರೆ ನೋಡಿದರು. ಆಮೇಲೆ ಎಡಗೈ ಚಾಚಿ, ತಟ್ಟೆಯ ಪಕ್ಕದಲ್ಲಿದ್ದ ತಮ್ಮ ಹಿತ್ತಾಳೆ ಚಮಚ ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೆರಳು ಮಡಿಸಿ ಮುಚ್ಚಲು ನೋಡಿದರು, ಅವರಿಂದ ಆಗಲಿಲ್ಲ. ನಾನೇ ಮುಚ್ಚಿಕೊಂಡೆ. ತಮ್ಮ ಸಾರಿನ ಬಟ್ಟಲನ್ನು ನನ್ನ ಕಡೆ ತಳ್ಳಿದರು. ಅರ್ಧ ಚೆಲ್ಲಿತು.

ನಾನು ಒಂದು ತುತ್ತು ಬಾಯಿಗಿಟ್ಟೆ. ಅಷ್ಟರಲ್ಲಿ ಅಣ್ಣ ಹಿಂದಿನಿಂದ ಬಂದು "ಪಿಲ್ಸುನ್, ಇಷ್ಟು ಜನರ ಮುಂದೆ ನೀನು..." ಎಂದು ಶುರು ಮಾಡಿದ. ಅಪ್ಪ ಅವನ ಕಡೆ ತಿರುಗಿ, ನನ್ನ ಕೈಯ ಚಮಚದ ಕಡೆ ಗದ್ದ ತೋರಿಸಿ ಗುಡುಗಿದರು. "ಬಾಯ್ಮುಚ್ಚು!"

ಅಣ್ಣ ಬಾಯಿ ಮುಚ್ಚಿದ. ಸೋದರತ್ತೆಯ ಬಾಯಿಯಲ್ಲೂ ಏನೋ ಮಾತಿತ್ತು, ಅವರೂ ನುಂಗಿಕೊಂಡರು. ನಾನು ನಿಧಾನಕ್ಕೆ ಉಂಡೆ. ಉಂಡ ಮೇಲೆ ಅಣ್ಣನೇ ಕೆಮ್ಮಿ, ನನ್ನ ಮುಖ ನೋಡದೆ, "ಸಾಲು ನಿಲ್ಲೋ ಹೊತ್ತಾಯ್ತು, ಏಳು" ಎಂದ. ಅವನ ಪಕ್ಕದಲ್ಲಿ ನಿಂತು ಅಡ್ಡಬಿದ್ದೆ.

ಒಂದು ತಪ್ಪಾಗಿದೆ. ರೈಲಿನಲ್ಲಿ ಚೀಲ ಬಿಚ್ಚಿದರೆ ಅಪ್ಪನ ಚಮಚ ಅದರಲ್ಲಿದೆ. ಹೇಗೆ ಬಂತೋ ದೇವರಾಣೆಗೂ ಗೊತ್ತಿಲ್ಲ, ಗಾಬರಿಯಲ್ಲಿ ತುರುಕಿಕೊಂಡಿರಬೇಕು. ಅಂಚೆಯಲ್ಲಿ ಕಳಿಸಲೇ?

ಪಿಲ್ಸುನ್

⁂

ಕೊಕ್ಸಾಂಗ್
೩೦ ಅಕ್ಟೋಬರ್ ೧೯೮೮

ಚಮಚ ಕದ್ದವಳೇ,

ಅಂಚೆಯಲ್ಲಿ ಕಳಿಸಿದರೆ ನೋಡು! ಎರಡು ವಾರದಿಂದ ಮಾವ ಸ್ಟೀಲ್ ಚಮಚ ಎಸೆದು ಮನೆಯವರಿಗೆಲ್ಲ ವಯಸ್ಸು ಕೇಳುತ್ತಿದ್ದಾರೆ. ಕಳ್ಳಿ ಇಂಚನ್ನಿನಲ್ಲಿದ್ದಾಳೆ ಎಂದು ನಾನು ಚಾಡಿ ಹೇಳಿದ್ದೇನೆ. ಆಗಿನಿಂದ ಬಾಗಿಲ ಕಡೆ ತಿರುಗಿ ಕೂತಿದ್ದಾರೆ.

ಬಂದು ಕೈಯಾರೆ ಕೊಟ್ಟು ಬೈಸಿಕೊಂಡು ಹೋಗು. ಸಂಗೂನ್‌ನನ್ನೂ ಕರೆದುಕೊಂಡು ಬಾ. ಅವನ ಕೈ, ಬಾಯಿ, ಹೊಟ್ಟೆ ಮೂರೂ ಖಾಲಿ ಇರಲಿ.

ಮಲ್ಜಾ